ಲಗ್ನಪತ್ರಿಕೆಯ ಹಿಂಬದಿಯ ಚೀಟಿ

ಕಳೆದ ವಾರ ನಮ್ಮ ಕಾಲೇಜಿನ ಗುಮಾಸ್ತರೊಬ್ಬರು ಮಗಳ ಮದುವೆಗೆ ಕರೆಯಲು ಮನೆಗೆ ಬಂದಿದ್ದರು. ಈಗ ಮದುವೆಯ ಕರೆಗಳೆಲ್ಲ ಮೊಬೈಲಿಗೇ ಬಂದು ಬೀಳುತ್ತವೆ. ಇವರು ಹಳೆಯ ಪದ್ಧತಿಯವರು. ಅಚ್ಚು ಹಾಕಿಸಿದ ಪತ್ರಿಕೆಯ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ಅಕ್ಷತೆ ಸಮೇತ ಕೈಗಿಟ್ಟರು. ದಪ್ಪ ರಟ್ಟಿನ ವಾಸನೆ, ಶಾಯಿಯ ವಾಸನೆ, ಅದರ ಮೇಲೆ ಅರಿಶಿನದ್ದು. ನಾನು ಮುಹೂರ್ತ ಯಾವತ್ತೆಂದು ನೋಡುವ ಬದಲು ಪತ್ರಿಕೆಯನ್ನು ಮಗುಚಿ ಅದರ ಬೆನ್ನು ನೋಡಿದೆ. "ಹಿಂದೆ ಏನೂ ಇಲ್ರಿ ಮೇಡಂ, ಎಲ್ಲಾ ಮುಂದೇನೇ ಐತೆ" ಎಂದು ಅವರು ನಕ್ಕರು. ನಾನೂ ನಕ್ಕೆ. ಬೆನ್ನು ಖಾಲಿ ಇರುವ ಲಗ್ನಪತ್ರಿಕೆ ಕಂಡರೆ ನನಗೆ ಇವತ್ತಿಗೂ ಏನೋ ಅರ್ಧಕ್ಕೇ ಬಿಟ್ಟಂತೆ ಅನ್ನಿಸುತ್ತದೆ...

ವೆಬ್ ಪುಟ ಬರೆಯುವುದನ್ನು ನಾನು ಕಲಿತದ್ದೇ ಲಗ್ನಪತ್ರಿಕೆಗಳ ಹಿಂಬದಿಯಿಂದ. ಹೀಗೆಂದರೆ ನನ್ನ ವಿದ್ಯಾರ್ಥಿಗಳು ಮೇಡಂ ತಮಾಷೆ ಮಾಡುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಅವರಿಗೆ ಬೇಕಾದ ಕೋಡಿನ ತುಣುಕು ಬೆರಳ ತುದಿಯಲ್ಲಿದೆ; ಒಮ್ಮೆ ಒತ್ತಿದರೆ ನಕಲಾಗುತ್ತದೆ, ಇನ್ನೊಮ್ಮೆ ಒತ್ತಿದರೆ ಅಂಟಿಕೊಳ್ಳುತ್ತದೆ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿದ್ದ ಆ ಕಾಲದಲ್ಲಿ, ಚಳ್ಳಕೆರೆಯಲ್ಲಿ ಅದನ್ನು ಕೇಳಿದವರಿಗೆಲ್ಲ ಬರೆದುಕೊಡುತ್ತಿದ್ದವರು ನನಗೆ ತಿಳಿದಂತೆ ಒಬ್ಬರೇ. ಬಸ್ ಸ್ಟ್ಯಾಂಡಿನಿಂದ ಐದು ನಿಮಿಷ ನಡೆದರೆ, ಎಣ್ಣೆ ಮಿಲ್ಲಿನ ಗೋಡೆಗೆ ಆತುಕೊಂಡಿದ್ದ ಡಿಟಿಪಿ ಅಂಗಡಿಯ ಅಕ್ಕ.

ನಾನು ಅಲ್ಲಿಗೆ ಹೋದದ್ದು ಬಯೋಡೇಟಾ ಟೈಪ್ ಮಾಡಿಸಲು. ಆಗಷ್ಟೇ ಡಿಗ್ರಿ ಮುಗಿಸಿದ್ದೆ. ಅಂಗಡಿಯೊಳಗೆ ಕಾಲಿಟ್ಟರೆ ಶೇಂಗಾ ಹಿಂಡಿಯ ವಾಸನೆಯೂ ಸ್ಕ್ರೀನ್ ಪ್ರಿಂಟಿನ ಬಣ್ಣದ ವಾಸನೆಯೂ ಒಟ್ಟಿಗೆ ಮೂಗಿಗೆ ಹೊಡೆಯುತ್ತಿತ್ತು. ಅಕ್ಕ ಆಗ ಮೂವತ್ತೈದರ ಆಸುಪಾಸಿನವರು. ತೆಳ್ಳಗೆ, ಎಡಚರು, ಕನ್ನಡಕಕ್ಕೆ ಕಪ್ಪು ದಾರ. ನಾನು ಬರೆದು ತಂದಿದ್ದ ಹಾಳೆಯನ್ನು ಮೇಲಿಂದ ಕೆಳಗೆ ಓದಿ ಕೇಳಿದರು: "ಕಂಪ್ಯೂಟರ್ ಬರ್ತೈತಾ?"

"ಇಲ್ರಿ ಅಕ್ಕ."

"ಮತ್ತೆ ಇದ್ರಾಗೆ ಏನಂತ ಹಾಕ್ಲವ್ವ? ಹುಟ್ಟಿದ ದಿನ, ಅಪ್ಪನ ಹೆಸರು ಬಿಟ್ರೆ ಬಯೋಡೇಟಾನೇ ಇಲ್ವಲ್ಲ ಇದು."

ನನಗೆ ಸಿಟ್ಟು ಬಂತು. ಆದರೆ ಅವರು ಹೇಳಿದ್ದು ನಿಜವಾಗಿತ್ತು. ಮರುದಿನದಿಂದ ನಾನು ಅವರ ಅಂಗಡಿಯಲ್ಲಿ ಕೂತು ಲಗ್ನಪತ್ರಿಕೆಗಳ ಕರಡು ತಿದ್ದತೊಡಗಿದೆ, ಅದಕ್ಕೆ ಬದಲಾಗಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕಂಪ್ಯೂಟರ್ ಮುಂದೆ ಕೂರಲು ಬಿಡುತ್ತಿದ್ದರು. ಮೊಳಕಾಲ್ಮೂರಿನಿಂದ ಬೆಳಿಗ್ಗೆಯ ಬಸ್ಸು ಹಿಡಿದು, ತಳಕು ದಾಟುವಷ್ಟರಲ್ಲಿ ಒಂದು ನಿದ್ದೆ ತೆಗೆದು, ಹತ್ತಕ್ಕೆ ಅಂಗಡಿ ಸೇರುತ್ತಿದ್ದೆ.

ಊರಿಗೆಲ್ಲ ಮದುವೆ ಪತ್ರಿಕೆ ಮಾಡುತ್ತಿದ್ದ ಅಕ್ಕನಿಗೆ ಮದುವೆಯಾಗಿರಲಿಲ್ಲ. ಗಿರಾಕಿಗಳು ಅದನ್ನೇ ಎತ್ತಿ ಆಡಿದರೆ "ಊರ ಪತ್ರಿಕೆ ಮುಗೀಲಿ, ಆಮೇಲೆ ನಂದು ಹಾಕಿಕೊಂತೀನಿ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಪತ್ರಿಕೆಗಳಲ್ಲಿ ತಪ್ಪುಗಳೂ ಆಗುತ್ತಿದ್ದವು. ಒಮ್ಮೆ ಗಂಡಿನ ಹೆಸರಿನ ಮುಂದೆ 'ಚಿ.ಸೌ.' ಎಂದು ಅಚ್ಚಾಗಿ, ಗಂಡಿನ ಅಪ್ಪ ಪೂರ್ತಿ ಕಟ್ಟನ್ನು ಮೇಜಿನ ಮೇಲೆ ಕುಕ್ಕಿ ಹೋಗಿದ್ದ. ಅಂಥ ಕೆಟ್ಟ ಪತ್ರಿಕೆಗಳನ್ನು ಅಕ್ಕ ಎಸೆಯುತ್ತಿರಲಿಲ್ಲ. ಅವುಗಳ ಖಾಲಿ ಬೆನ್ನಿನ ಮೇಲೆ ಎಡಗೈಯಲ್ಲಿ, ಓರೆ ಅಕ್ಷರದಲ್ಲಿ ವೆಬ್ ಪುಟದ ಕೋಡು ಬರೆಯುತ್ತಿದ್ದರು. ಒಂದು ಪತ್ರಿಕೆಗೆ ಒಂದು ವಿಷಯ. ಚಿತ್ರ ಹಾಕುವುದು ಹೇಗೆ, ಬಣ್ಣಗಳ ಸಂಖ್ಯೆ ಯಾವುದು, ಒಂದು ಪುಟದಿಂದ ಇನ್ನೊಂದಕ್ಕೆ ಕೊಂಡಿ ಹಾಕುವುದು ಹೇಗೆ. ಕೋಡು ಇಂಗ್ಲಿಷಿನಲ್ಲಿ, ವಿವರಣೆ ಕನ್ನಡದಲ್ಲಿ. ಟ್ಯಾಗು ಎನ್ನುವ, ಕೋಡಿನ ಒಂದೊಂದು ಆದೇಶದ ಎರಡೂ ಬದಿಗೆ ಬರುವ ಚೂಪು ಗುರುತಿಗೆ 'ಕೊಕ್ಕು' ಎಂದು ಹೆಸರಿಟ್ಟಿದ್ದರು. "ಕೊಕ್ಕು ತೆರೆದಿದ್ದು ಮುಚ್ಚಿದೆಯೋ ನೋಡ್ಕೋ" ಎಂದು ಪ್ರತಿಯೊಂದರ ಕೆಳಗೂ ಇರುತ್ತಿತ್ತು.

ಇಂಥ ಹಾಳೆಗೆ ಇಂಗ್ಲಿಷಿನಲ್ಲಿ 'ಚೀಟ್ ಶೀಟ್' ಎನ್ನುತ್ತಾರೆಂದು ಅವರು ಯಾವುದೋ ಕಂಪ್ಯೂಟರ್ ಪತ್ರಿಕೆಯಲ್ಲಿ ಓದಿದ್ದರಂತೆ. ಅವರ ಬಾಯಲ್ಲಿ ಅದು 'ಚೀಟಿ ಶೀಟು' ಆಗಿ, ಕೊನೆಗೆ ಬರೀ 'ಚೀಟಿ' ಆಗಿತ್ತು. ಆ ಪದ ನನಗೆ ಮೊದಲಿನಿಂದಲೂ ಮುಜುಗರ. ನಮ್ಮ ಪಾಲಿಗೆ ಚೀಟಿ ಎಂದರೆ ಪರೀಕ್ಷೆಯಲ್ಲಿ ತೋಳಿನೊಳಗೆ ಬಚ್ಚಿಟ್ಟುಕೊಂಡು ಹೋಗುವ ವಸ್ತು. ಸಿಕ್ಕಿಬಿದ್ದರೆ ಮಾನ ಹೋಗುವ ಕೆಲಸ. ಅಕ್ಕ ಮಾತ್ರ ಗಿರಾಕಿಗಳ ಎದುರಿಗೇ, "ತಗಳವ್ವ ಚೀಟಿ" ಎಂದು ಜೋರಾಗಿ ಕೊಡುತ್ತಿದ್ದರು.

ಚೀಟಿಗೆ ಅವರು ಏನನ್ನೂ ಕೇಳುತ್ತಿರಲಿಲ್ಲ, ಒಂದು ಕರಾರು ಬಿಟ್ಟು. ಪಡೆದವರು ಅದನ್ನು ಕೈಯಲ್ಲೇ ಎರಡು ಸಲ ನಕಲು ಬರೆದು, ಇನ್ನಿಬ್ಬರಿಗೆ ಕೊಡಬೇಕು. ಜೆರಾಕ್ಸ್ ಆಗುವುದಿಲ್ಲ. ಬರೆದರೇ ತಲೆಗೆ ಹತ್ತುವುದು ಎನ್ನುವುದು ಅವರ ನಂಬಿಕೆ. "ಯಾಕೆ ಅಕ್ಕ, ನಾವು ಕಷ್ಟಪಟ್ಟು ಕಲ್ತಿದ್ದನ್ನ ಊರಿಗೆಲ್ಲ ಹಂಚೋದು?" ಎಂದು ನಾನು ಕೇಳಿದ್ದುಂಟು.

"ಪಕ್ಕದ ಮನೆಯೋಳು ಹೆಪ್ಪು ಕೇಳಿದ್ರೆ ಒಂದು ಚಮಚ ಕೊಡಲ್ವಾ? ಕೊಟ್ರೆ ನಿನ್ನ ಗಡಿಗ್ಯಾಗಿನ ಮೊಸರು ಕಮ್ಮಿ ಆಗ್ತೈತಾ?"

ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು ಎನ್ನುತ್ತಾರಲ್ಲ ಎಂದೆ, ಮಾತಿಗೆ ಮಾತು ಸೇರಿಸಲು. "ಇಲ್ಲಿರೋದು ಟ್ಯೂಬ್‌ಲೈಟು. ಅದಕ್ಕೆ ಆ ಶಾಸ್ತ್ರ ಇಲ್ಲ" ಎಂದರು, ಕಣ್ಣು ಪರದೆಯಿಂದ ಎತ್ತದೆ.

ಅವರ ಚೀಟಿಗಳು ಎಲ್ಲೆಲ್ಲಿಗೋ ಹೋಗುತ್ತಿದ್ದವು. ಸಿದ್ದಾಪುರದ ಕಡೆಯ ಒಬ್ಬ ಮೇಷ್ಟ್ರು ತಿಂಗಳಿಗೊಮ್ಮೆ ಬಂದು ಹೊಸದು ಬಂದಿದೆಯೇ ಎಂದು ಕೇಳುತ್ತಿದ್ದರು. ನಾಯಕನಹಟ್ಟಿ ಬಸ್ಸಿನ ಕಂಡಕ್ಟರ್ ಲಗ್ನಪತ್ರಿಕೆಯ ಕಟ್ಟುಗಳ ಜೊತೆಗೆ ಚೀಟಿಗಳನ್ನೂ ಒಯ್ಯುತ್ತಿದ್ದ. ಕೆಲವೊಮ್ಮೆ ಯಾರೋ ಗುರುತಿಲ್ಲದವರು ಅಂಗಡಿಗೆ ಬಂದು, ಬೇರೆ ಯಾರದೋ ಕೈಬರಹದಲ್ಲಿದ್ದ ಅಕ್ಕನ ಚೀಟಿಯನ್ನೇ ತೋರಿಸಿ, "ಇದರ ಮುಂದಿನದು ನಿಮ್ಮತ್ರ ಸಿಗ್ತೈತಂತೆ" ಎನ್ನುತ್ತಿದ್ದರು. ಆಗ ಅಕ್ಕನ ಮುಖ ನೋಡಬೇಕಿತ್ತು.

ಪಟ್ಟಿ ಹಾಕುವ ಚೀಟಿ ಬರೆದ ದಿನ ಮಾತ್ರ ಅವರಿಗೆ ನಾನು ಏನೋ ಕಲಿಸಿದೆ. ಅಡ್ಡಸಾಲು, ಕಂಬಸಾಲು ಇರುವ ಪಟ್ಟಿಯನ್ನು ಕೋಡಿನಲ್ಲಿ ಬರೆಯುವಾಗ ಬರೀ ಅಡ್ಡಸಾಲುಗಳನ್ನೇ ಒಂದರ ಕೆಳಗೊಂದು ಇಡುತ್ತಾ ಹೋಗಬೇಕು; ಅಡ್ಡಸಾಲಿನ ಟ್ಯಾಗಿಗೆ ಟಿಆರ್ ಎಂದು ಹೆಸರು. ಕಂಬಸಾಲಿಗೆ ಬೇರೆ ಟ್ಯಾಗು ಹಾಕುವ ಗೋಜಿಲ್ಲ, ಅದು ತಾನಾಗೇ ಮೂಡುತ್ತದೆ. ಇದನ್ನು ಜನಕ್ಕೆ ಹೇಗೆ ತಿಳಿಸುವುದೆಂದು ಅಕ್ಕ ತಲೆ ಕೆರೆದುಕೊಳ್ಳುತ್ತಿದ್ದರು. ನಾನು ಮಗ್ಗದ ಮನೆಯವಳು. "ಇದು ಹೊಕ್ಕು ಅಕ್ಕ. ಲಾಳಿ ಒಂದು ಸಲ ಆ ಕಡೆಯಿಂದ ಈ ಕಡೆ ಬಂದ್ರೆ ಒಂದು ಸಾಲು. ಸಾಲು ಸಾಲು ಕೂಡಿಸ್ತಾ ಹೋದ್ರೆ ಹೂವು ತಾನೇ ಮೇಲೆ ಏಳ್ತೈತೆ" ಎಂದೆ. ಅವರು ಪೆನ್ನು ಹಿಡಿದ ಕೈ ಹಾಗೇ ನಿಲ್ಲಿಸಿ ನನ್ನನ್ನು ನೋಡಿದರು. ಆಮೇಲೆ ಚೀಟಿಯಲ್ಲಿ 'ಟಿಆರ್ ಅಂದರೆ ಒಂದು ಹೊಕ್ಕು' ಎಂದು ಬರೆದು, ಕೆಳಗೆ ಗೆರೆ ಎಳೆದು, ಮೊದಲ ಪ್ರತಿಯನ್ನು ನನಗೇ ಕೊಟ್ಟರು. ನನ್ನ ಮಾತೊಂದು ಹಾಗೆ ಬರಹಕ್ಕೆ ಇಳಿದದ್ದು ಅದೇ ಮೊದಲು.

ಆ ಚೀಟಿಯನ್ನು ನಾನು ಯಾರಿಗೂ ಕೊಡಲಿಲ್ಲ. ಈ ಬರಹದಲ್ಲಿ ಬರೆಯಲು ಕಷ್ಟವಾಗುತ್ತಿರುವ ಸಾಲು ಇದೇ.

ನಮ್ಮದು ತೆಲುಗು ಮನೆಮಾತಿನ ನೇಕಾರರ ಮನೆ. ಅಪ್ಪನನ್ನು ನಾಯ್ನ ಎನ್ನುತ್ತೇವೆ. ಸೀರೆಯ ಹೂವು, ಹಕ್ಕಿಗಳನ್ನು ಚೌಕುಳಿ ಹಾಳೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಬರೆದ ಗ್ರಾಫ್‌ಗಳು ನಾಯ್ನನ ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗದೊಳಗೆ ಇರುತ್ತಿದ್ದವು. ಹಿಂದೊಮ್ಮೆ ಬಂಧುವೊಬ್ಬರಿಗೆ ಪ್ರೀತಿಯಿಂದ ಒಂದು ಗ್ರಾಫ್ ತೋರಿಸಿದ್ದಕ್ಕೆ, ಹದಿನೈದೇ ದಿನದಲ್ಲಿ ಅದೇ ಹಕ್ಕಿ ಬೇರೆ ಬೀದಿಯ ಮಗ್ಗದಲ್ಲಿ ಹಾರಿತ್ತು. ಅಂದಿನಿಂದ ನಾಯ್ನನದು ಒಂದೇ ಮಾತು: "ಎವರಿಕೀ ಚೂಪಿಂಚಕು." ಯಾರಿಗೂ ತೋರಿಸಬೇಡ. ಅನ್ನದ ಜೊತೆ ಉಂಡ ಮಾತು ಅದು. ಪಟ್ಟಿಯ ಚೀಟಿಯನ್ನೂ ನಾನು ಅದೇ ಪೆಟ್ಟಿಗೆಯಲ್ಲಿ ಗ್ರಾಫ್‌ಗಳ ಕೆಳಗಿಟ್ಟೆ. ನಮ್ಮ ಬೀದಿಯಲ್ಲೇ ಇನ್ನಿಬ್ಬರು ಹುಡುಗಿಯರು ಕಂಪ್ಯೂಟರ್ ಕಲಿಯಲು ದಿನಾ ಚಳ್ಳಕೆರೆಗೆ ಹೋಗುತ್ತಿದ್ದರು. ನಾನು ಅರ್ಜಿ ಹಾಕುವ ಕೆಲಸಕ್ಕೆ ಅವರೂ ಹಾಕುತ್ತಾರೆ ಎಂಬ ಭಯ ನನ್ನದು. ಅಕ್ಕ ಕೇಳಿದಾಗ "ಹೂಂ, ಇಬ್ಬರಿಗೂ ಕೊಟ್ಟೆ" ಎಂದುಬಿಟ್ಟೆ.

ಅದಾದ ಸ್ವಲ್ಪ ದಿನಕ್ಕೆ ನನ್ನ ಅಂಗಡಿಯ ಓಡಾಟ ನಿಂತಿತು. ನಮ್ಮ ಸೀರೆಗೆ ಅಂಚಿನ ಲಾಳಿ ಎಸೆಯಲು ಮಗ್ಗದ ಪಕ್ಕದಲ್ಲಿ ಇನ್ನೊಬ್ಬರು ಕೂರಬೇಕು. ಅಷ್ಟು ತಿಂಗಳು ನನ್ನ ಬದಲು ಕೂತಿದ್ದ ಅಮ್ಮನ ಸೊಂಟ ಹಿಡಿದುಕೊಂಡಿತ್ತು. ನಾಯ್ನ ಬೈಯಲಿಲ್ಲ. ಯುಗಾದಿಯವರೆಗೆ ನೋಡು, ಕೆಲಸ ಸಿಕ್ಕರೆ ಸರಿ, ಸಿಗದಿದ್ದರೆ ಈ ಜಾಗ ನಿನ್ನದೇ ಎಂದರು. ಮಗ್ಗವನ್ನು ನಾನು ಹೀಗಳೆಯುತ್ತಿಲ್ಲ. ಆದರೆ ಆ ಮೂಲೆಯಲ್ಲಿ ಕೂತು ಜೀವಮಾನ ಪೂರ್ತಿ ಲಾಳಿ ಎಸೆಯುವುದನ್ನು ನೆನೆದರೆ ಉಸಿರು ಕಟ್ಟುತ್ತಿತ್ತು. ಎರಡು ತಿಂಗಳು ಹಾಗೇ ಕೂತೆ...

ಯುಗಾದಿಗೆ ಮೂರು ವಾರ ಇರುವಾಗ ಚಳ್ಳಕೆರೆಯ ಕಾಲೇಜೊಂದರಿಂದ ಕಾಗದ ಬಂತು. ಕಂಪ್ಯೂಟರ್ ಲ್ಯಾಬಿಗೆ ಒಬ್ಬರು ಸಹಾಯಕರು ಬೇಕು, ಬಂದು ಪರೀಕ್ಷೆ ಕೊಡಿ ಎಂದು. ನಾವು ಏಳು ಜನ ಇದ್ದೆವು. ಕೊಟ್ಟ ಕೆಲಸ ಕೇಳಿ ನನಗೆ ಒಳಗೊಳಗೇ ಹಿಗ್ಗು: ಕಾಲೇಜಿನ ವೇಳಾಪಟ್ಟಿಯನ್ನು ವೆಬ್ ಪುಟವಾಗಿ ಮಾಡಿ ತೋರಿಸಬೇಕು. ಪಟ್ಟಿಯ ಚೀಟಿ ನನಗೆ ಬಾಯಿಪಾಠವಾಗಿತ್ತು. ಹೊಕ್ಕಿನ ಮೇಲೆ ಹೊಕ್ಕು ಹಾಕುತ್ತಾ, ಸೋಮವಾರದಿಂದ ಶನಿವಾರದವರೆಗೆ ಎಲ್ಲರಿಗಿಂತ ಮೊದಲು ಬರೆದು ಮುಗಿಸಿದೆ. ಪುಟ ತೆರೆದೆ.

ಪುಟ ಬೆಳ್ಳಗೆ ಬಂತು. ಒಂದಕ್ಷರವೂ ಇಲ್ಲ.

ಮತ್ತೆ ತೆರೆದೆ. ಮತ್ತೆ ಬಿಳುಪು. ಕೋಡನ್ನು ಸಾಲು ಸಾಲಾಗಿ ಓದಿದೆ, ಎಲ್ಲಾ ಚೀಟಿಯಲ್ಲಿದ್ದ ಹಾಗೇ ಇತ್ತು. ಅಕ್ಕನ ಅಂಗಡಿಯಲ್ಲಿ ಇದೇ ಕೋಡು ಎಷ್ಟು ಸಲ ಚೆಂದವಾಗಿ ಮೂಡಿತ್ತು. ಪೆಟ್ಟಿಗೆಯಿಂದ ತೆಗೆದು ತಂದಿದ್ದ ಚೀಟಿಯೂ ನನ್ನ ಚೀಲದಲ್ಲೇ ಇತ್ತು, ಆದರೆ ಪರೀಕ್ಷೆಯ ಕೋಣೆಯಲ್ಲಿ ಚೀಟಿ ತೆಗೆಯುವುದುಂಟೇ? ಇನ್ನು ಹದಿನೈದು ನಿಮಿಷ ಎಂದು ಮೇಲ್ವಿಚಾರಕರು ಹೇಳಿದರು. ಮಗ್ಗದ ಪಕ್ಕದ ಆ ಮೂಲೆ ನನ್ನ ಕಣ್ಣ ಮುಂದೆ ಬಂದು ನಿಂತಿತು.

ಪಕ್ಕದ ಕಂಪ್ಯೂಟರಿನಲ್ಲಿ ನಾಯಕನಹಟ್ಟಿಯ ಕಡೆಯ ಹೆಂಗಸೊಬ್ಬರು ಕೂತಿದ್ದರು. ಮದುವೆಯಾದವರು, ನನಗಿಂತ ನಾಲ್ಕಾರು ವರ್ಷಕ್ಕೆ ದೊಡ್ಡವರು. ಅವರ ಮೇಜಿನ ಮೇಲೆ, ಎಲ್ಲರಿಗೂ ಕಾಣುವಂತೆ, ನೋಟ್‌ಬುಕ್ಕಿನ ಒಂದು ಹಾಳೆ ಇತ್ತು. ಕೈಬರಹ ಬೇರೆ, ಆದರೆ ಅದು ಅದೇ ಚೀಟಿ. 'ಟಿಆರ್ ಅಂದರೆ ಒಂದು ಹೊಕ್ಕು' ಎಂಬ ನನ್ನದೇ ಮಾತು ಗುರುತಿಲ್ಲದ ಅಕ್ಷರದಲ್ಲಿ ಅಲ್ಲಿತ್ತು. ಮೇಲ್ವಿಚಾರಕರು ಅದನ್ನು ನೋಡಿಕೊಂಡೇ ಮುಂದೆ ಹೋದರು; ಹಾಳೆ ನೋಡಬಾರದೆಂಬ ನಿಯಮವೇ ಅಲ್ಲಿರಲಿಲ್ಲ. ಆ ಹೆಂಗಸು ನನ್ನ ಬಿಳಿಯ ಪರದೆಯನ್ನು ಒಮ್ಮೆ ನೋಡಿ ಮೆಲ್ಲಗೆ ಕೇಳಿದರು: "ಕೊನೇ ಸಾಲು ನಿಮಗೆ ಬರಲಿಲ್ವಾ?"

"ಯಾವ ಕೊನೇ ಸಾಲು?"

ಅವರು ಹಾಳೆಯನ್ನು ನನ್ನ ಕಡೆ ಸರಿಸಿದರು. ಕೆಳಗೆ ಬೇರೆ ಶಾಯಿಯಲ್ಲಿ ಒಂದು ಸಾಲು ಸೇರಿಸಿತ್ತು: ಪಟ್ಟಿ ಮುಗಿದ ಮೇಲೆ, ಅದನ್ನು ಶುರುಮಾಡಿದ ಟೇಬಲ್ ಟ್ಯಾಗನ್ನೂ ಓರೆಗೆರೆ ಹಾಕಿ ಮುಚ್ಚಬೇಕು, ಇಲ್ಲದಿದ್ದರೆ ಕೆಲವು ಕಂಪ್ಯೂಟರಿನಲ್ಲಿ ಪುಟವೇ ಕಾಣುವುದಿಲ್ಲ. ನನ್ನ ಚೀಟಿಯಲ್ಲಿ ಆ ಸಾಲು ಇರಲಿಲ್ಲ. ಅಕ್ಕನ ಅಂಗಡಿಯ ಕಂಪ್ಯೂಟರಿನಲ್ಲಿದ್ದ ತಂತ್ರಾಂಶ ಮುಚ್ಚದ ಪಟ್ಟಿಯನ್ನೂ ಸಹಿಸಿಕೊಂಡು ತೋರಿಸುತ್ತಿತ್ತು. ಕಾಲೇಜಿನದು ಬೇರೆ ತಂತ್ರಾಂಶ, ಅದು ಸಹಿಸುತ್ತಿರಲಿಲ್ಲ. ಒಂದು ಸಾಲು ಬರೆದೆ. ವೇಳಾಪಟ್ಟಿ ಬಂತು. ಆರು ದಿನ, ಏಳು ಪಿರಿಯಡ್ಡು.

ಕೆಲಸ ನನಗೆ ಸಿಕ್ಕಿತು. ಡಿಗ್ರಿಯ ಅಂಕ ನನ್ನದು ಹೆಚ್ಚಿತ್ತಂತೆ. ನನಗೆ ಹೇಳಿಕೊಟ್ಟವರಿಗೆ ಸಿಗಲಿಲ್ಲ. ಪರೀಕ್ಷೆಯ ದಿನ ಹೊರಗೆ ಬಂದಾಗ ಅವರೊಂದಿಗೆ ಸರಿಯಾಗಿ ಒಂದು ಮಾತೂ ಆಡಲಿಲ್ಲ ನಾನು, ಬಸ್ಸಿಗೆ ಹೊತ್ತಾಯಿತು ಎಂದು ಓಡಿದೆ. ಬಸ್ಸು ಇನ್ನೂ ಬಂದಿರಲಿಲ್ಲ.

ಫಲಿತಾಂಶ ತಿಳಿದ ದಿನ ಸಿಹಿ ಹಿಡಿದುಕೊಂಡು ಅಕ್ಕನ ಅಂಗಡಿಗೆ ಹೋದೆ. ಖುಷಿಯಲ್ಲಿ ಎಲ್ಲವನ್ನೂ ಹೇಳುತ್ತಾ ಕೊನೆಯ ಸಾಲಿನ ವಿಷಯಕ್ಕೆ ಬಂದಾಗ ಬಾಯಿ ತಡವರಿಸಿತು. ಅಕ್ಕ ಪೇಡೆಯನ್ನು ಅರ್ಧ ಮುರಿದು ಬಾಯಿಗೆ ಹಾಕಿಕೊಂಡರು. ತಪ್ಪು ಎಲ್ಲಿದೆಯೆಂದು ಅವರಿಗೆ ಗೊತ್ತಾದದ್ದು ನಾನು ಅಂಗಡಿ ಬಿಟ್ಟ ಮೇಲೆ; ಕೂಡಲೇ ಚೀಟಿ ಪಡೆದವರಿಗೆಲ್ಲ ಹೇಳಿ ಕಳಿಸಿದ್ದರಂತೆ. ಯಾರ ವಿಳಾಸವೂ ಅವರಲ್ಲಿರಲಿಲ್ಲ. ಚೀಟಿ ಹೋದ ದಾರಿಯಲ್ಲೇ ತಿದ್ದುಪಡಿಯೂ ಹೋಗಬೇಕಿತ್ತು. ಒಬ್ಬರು ಇನ್ನಿಬ್ಬರಿಗೆ, ಅವರು ಇನ್ನಿಬ್ಬರಿಗೆ. ನಮ್ಮ ಬೀದಿಯ ಆ ಇಬ್ಬರು ಹುಡುಗಿಯರು ದಿನಾ ಅಂಗಡಿಯ ಮುಂದೆಯೇ ಹಾದುಹೋಗುತ್ತಿದ್ದರು. ನಾನು ಅವರಿಗೆ ಕೊಟ್ಟಿದ್ದರೆ ಆ ಸಾಲು ಪರೀಕ್ಷೆಗೆ ಮೊದಲೇ ನನ್ನ ಮನೆ ಬಾಗಿಲಿಗೆ ಬಂದಿರುತ್ತಿತ್ತು.

"ಮೊಳಕಾಲ್ಮೂರಿಂದ ಮುಂದಿನ ಚೀಟಿ ಕೇಳ್ಕೊಂಡು ಯಾರೂ ಬರಲಿಲ್ಲ. ಆಗ್ಲೇ ತಿಳೀತು, ನೀನು ಕೊಟ್ಟಿಲ್ಲ ಅಂತ" ಎಂದರು ಅಕ್ಕ.

ನಾನು ತಲೆ ತಗ್ಗಿಸಿ ಅತ್ತೆ. ಅವರು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಮೇಜಿನ ಕೆಳಗಿನಿಂದ ಕೆಟ್ಟ ಪತ್ರಿಕೆಗಳ ಒಂದು ಕಟ್ಟು ತೆಗೆದು ನನ್ನ ಮುಂದಿಟ್ಟರು. "ಹತ್ತು ಬರಿ. ಕೊನೇ ಸಾಲು ಸೇರಿಸಿ ಬರಿ. ಬರೆದು ಮುಗಿಸಿ ಬಸ್ಸಿಗೆ ಹೋಗು." ಬರೆಯುತ್ತಾ ಕೂತಾಗ ಮೂರನೆಯದಕ್ಕೆಲ್ಲ ಅಳು ನಿಂತಿತ್ತು. ಸಂಜೆ ಅದರಲ್ಲಿ ಎರಡನ್ನು ನಮ್ಮ ಬೀದಿಯ ಹುಡುಗಿಯರ ಕೈಗೆ ಕೊಟ್ಟೆ. ಅವರಲ್ಲೊಬ್ಬಳು ಇದನ್ನು ಇಷ್ಟು ದಿನ ಯಾಕೆ ಕೊಡಲಿಲ್ಲ ಎಂದು ಕೇಳಲಿಲ್ಲ, ಒಳಗೆ ಕರೆದು ಮಂಡಕ್ಕಿ ಕೊಟ್ಟಳು.

ನಾಯ್ನ ಕೊನೆಯವರೆಗೂ ಗ್ರಾಫ್‌ಗಳ ಪೆಟ್ಟಿಗೆಗೆ ಬೀಗ ಹಾಕಿಯೇ ಇಟ್ಟರು. ಅವರದು ತಪ್ಪೆನ್ನಲಾರೆ, ಅವರ ಹಕ್ಕಿ ನಿಜವಾಗಿಯೂ ಹಾರಿಹೋಗಿತ್ತು. ನಾನು ಮಾತ್ರ ಅಂದಿನಿಂದ ಬೀಗ ಹಾಕುವುದನ್ನು ಬಿಟ್ಟೆ. ಇವತ್ತಿಗೂ ಹೊಸದೇನಾದರೂ ಕಲಿತರೆ ಸಂಜೆಯೊಳಗೆ ಇನ್ನಿಬ್ಬರಿಗೆ ಹೇಳದಿದ್ದರೆ ಊಟ ಸೇರುವುದಿಲ್ಲ.

ಆಮೇಲೆ ಕಾಲ ತನ್ನಷ್ಟಕ್ಕೆ ಸರಿಯಿತು. ಎಲ್ಲರ ಕೈಗೂ ಮೊಬೈಲು ಬಂತು, ಚೀಟಿ ಕೇಳುವವರು ಕಡಿಮೆಯಾದರು, ಪತ್ರಿಕೆ ಹಾಕಿಸುವವರೂ ಕಡಿಮೆಯಾದರು. ಅಕ್ಕ ಅಂಗಡಿ ಮುಚ್ಚಿ ತಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಟೈಪಿಂಗ್ ಮಾಡಿಕೊಂಡಿದ್ದರು. ಕೆಲಸಕ್ಕಾಗಿ ಚಳ್ಳಕೆರೆಗೇ ಬಂದು ನೆಲೆಸಿದ್ದ ನಾನು ವರ್ಷಕ್ಕೊಮ್ಮೆ ಹೋಗುತ್ತಿದ್ದೆ, ಆಮೇಲೆ ಎರಡು ವರ್ಷಕ್ಕೊಮ್ಮೆ... ಒಂದೇ ಊರಿನಲ್ಲಿದ್ದುಕೊಂಡು. ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ತಿಂಗಳು ಕಳೆದ ಮೇಲೆ.

ಮನೆಗೆ ಹೋದಾಗ ಅವರ ತಮ್ಮ ಒಂದು ಉದ್ದನೆಯ ನೋಟ್‌ಬುಕ್ ತಂದುಕೊಟ್ಟರು. "ಇದು ನಮಗೆ ಅರ್ಥ ಆಗಲ್ಲ. ನಿಮ್ಮಂಥೋರಿಗೆ ಕೊಡು ಅಂದಿದ್ಲು" ಎಂದರು. ಅಂಗಡಿಯ ಆರಂಭದ ದಿನಗಳಿಂದಲೂ ಬರೆದುಕೊಂಡು ಬಂದದ್ದು ಅದು. ಇಂಟರ್ನೆಟ್ ಸೆಂಟರಿನಲ್ಲಿ ಅರ್ಧ ಗಂಟೆ ಕೂತು, ಯಾರದೋ ಪುಟದ ಒಳಗಿನ ಕೋಡು ತೆರೆದು, ಪೆನ್ಸಿಲಿನಲ್ಲಿ ಇಳಿಸಿಕೊಂಡು ಬಂದಿದ್ದ ಹಾಳೆಗಳು. ಹೇಗೆ ಕಲಿತಿರಿ ಅಕ್ಕ ಎಂದು ಕೇಳಿದಾಗಲೆಲ್ಲ, "ಹಿಂಗೇ, ನೋಡ್ತಾ ನೋಡ್ತಾ" ಎನ್ನುತ್ತಿದ್ದರು. ನಾನೂ ಹಾಗೇ ನಂಬಿದ್ದೆ.

ಆ ನೋಟ್‌ಬುಕ್ಕು ಈಗ ನನ್ನ ಮೇಜಿನ ಮೇಲಿದೆ. ಅದರ ಕೊನೆಯ ಹಾಳೆಗಳಲ್ಲಿ ಪಟ್ಟಿಯ ಆ ಕೋಡನ್ನು ಅವರು ಬೇರೆ ಬೇರೆ ರೀತಿ ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದಾರೆ. ಪ್ರತಿ ಪುಟದ ಕೆಳಗೂ ಎಡಗೈಯ ಓರೆ ಅಕ್ಷರದಲ್ಲಿ ಒಂದೊಂದು ಟಿಪ್ಪಣಿ. 'ಸೆಂಟರಿನಲ್ಲಿ ಪುಟ ಬಿಳಿ.' 'ಇವತ್ತೂ ಬಿಳಿ.' 'ಯಾರನ್ನ ಕೇಳಲಿ.' ಹಾಳೆಗಳನ್ನು ಎಣಿಸಿದೆ, ಇಪ್ಪತ್ತಾರು ಇದ್ದವು. ಇಪ್ಪತ್ತೇಳನೆಯದರಲ್ಲಿ ಆ ಕೊನೆಯ ಸಾಲು, ಅದರ ಸುತ್ತ ಎರಡು ಸುತ್ತು ಗೆರೆ. ಕೆಳಗೆ ಹೀಗಿದೆ: 'ಬಂತು. ಯಾರಾದರೂ ಹೇಳಿದ್ದರೆ ಐದು ನಿಮಿಷದ ಮಾತು. ನಾಳೆ ಬೆಳಿಗ್ಗೆನೇ ಎಲ್ಲರಿಗೂ ಹೇಳಿ ಕಳಿಸಬೇಕು.'

ನಮಗೆಲ್ಲ ಐದು ನಿಮಿಷದಲ್ಲಿ ಸಿಕ್ಕಿದ್ದಕ್ಕೆ ಅವರು ಒಬ್ಬರೇ ಇಪ್ಪತ್ತಾರು ಹಾಳೆ ಬರೆಯುತ್ತಾ ಕೂತಿದ್ದರು. ಅವರಿಂದ ಅಷ್ಟೊಂದು ಚೀಟಿ ತೆಗೆದುಕೊಂಡ ನಾನು, ಅಕ್ಕ, ನಿಮಗೆ ಯಾರು ಬರೆದುಕೊಡುತ್ತಾರೆ ಎಂದು ಒಂದು ದಿನವೂ ಕೇಳಲಿಲ್ಲ.